ನೆಲ ಮುಟ್ಟದ ಶೂ

ಗರಾಜು ಖಾಲಿ ಮಾಡುವಾಗ ಮೇಲಿನ ಶೆಲ್ಫಿನಿಂದ ಒಂದು ಬಟ್ಟೆ ಚೀಲ ಬಿತ್ತು. ಬಿಚ್ಚಿದರೆ ಹಳೇ ಚರ್ಮದ, ಪಾಲಿಶಿನ ವಾಸನೆ... ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನಿಂದ ಸೀಡರ್ ಪಾರ್ಕಿಗೆ ಶಿಫ್ಟ್ ಆಗುವ ಸುಸ್ತಿನಲ್ಲಿದ್ದವಳು ಅಲ್ಲೇ ಡಬ್ಬಿಯೊಂದರ ಮೇಲೆ ಕೂತುಬಿಟ್ಟೆ.

ಚೀಲದಲ್ಲಿದ್ದ ಶೂ ನಮ್ಮ ಪಕ್ಕದ ಮನೆಯಲ್ಲಿದ್ದವರದು. ಮಕ್ಕಳ ಬಾಯಲ್ಲಿ ಆರ್ಗನ್ ಅಂಕಲ್. ಇಂಗ್ಲೆಂಡಿನ ಕೆಥೀಡ್ರಲ್ ಒಂದರಲ್ಲಿ ಹಾಡುವ ಹುಡುಗನಾಗಿ ಸೇರಿ, ಅಲ್ಲೇ ಚರ್ಚಿನ ಆರ್ಗನ್ ವಾದ್ಯ ಕಲಿತು, ಅಲ್ಲಿಯ ಮುಖ್ಯ ವಾದಕರಾಗಿ ತಲೆ ನರೆಸಿಕೊಂಡವರು. ನಿವೃತ್ತರಾದ ಮೇಲೆ ಹ್ಯೂಸ್ಟನ್ನಿನ ಚರ್ಚೊಂದು ಕರೆಯಿತೆಂದು ಬಂದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನುಡಿಸುವುದೊಂದೇ ಉಳಿದಿತ್ತು.

ಮೊದಲ ಸಲ ಕಾಫಿಗೆ ಬಂದಾಗ ಕಾಲಿನ ಶೂ ಬಾಗಿಲಲ್ಲೇ ಬಿಟ್ಟು, ಚೀಲದಲ್ಲಿದ್ದ ಇನ್ನೊಂದು ಜೊತೆಯನ್ನು ಒಳಗೆ ತಂದರು. ಧಾರವಾಡದ ನಮ್ಮತ್ತೆ ಬಿಟ್ಟಾರೆಯೇ? ನನ್ನ ಬಾಯಲ್ಲಿ ಕಾರಣ ಕೇಳಿಸಿಯೇ ಬಿಟ್ಟರು. ಆರ್ಗನ್ನಿನಲ್ಲಿ ಕಾಲಿನಿಂದ ಒತ್ತಿ ನುಡಿಸಲೂ ಮರದ ಪಟ್ಟಿಗಳಿರುತ್ತವಂತೆ. ತೆಳು ಅಡಿಯ ಈ ಶೂ ಹಾಕಿ, ಕೆಳಗೆ ನೋಡದೆ, ಪಾದದಲ್ಲೇ ಹುಡುಕಿ ನುಡಿಸಬೇಕು. ಒಂದು ಹರಳು ಅಂಟಿದರೂ ಕೆಟ್ಟಿತು. ಹಾಗಾಗಿ ಅವು ಎಂದೂ ಬೀದಿಯ ನೆಲ ಮುಟ್ಟಿರಲಿಲ್ಲ. ಕಾರಿನಲ್ಲಿ ಬಿಟ್ಟರೆ ಬಿಸಿಲಿಗೆ ಚರ್ಮ ಸೆಟೆಯುತ್ತದೆಂದು ಒಳಗೆ ತಂದಿದ್ದರು.

"ಹಂಗಾರ ಇವು ಮಡಿ ಶೂ ಅನ್ರಿ!" ಅಂದರು ಅತ್ತೆ. ನಾನು ಅರ್ಥ ಹೇಳಿದೆ. ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೆಲವು ವರ್ಷಗಳಲ್ಲಿ ಅಂಕಲ್‌ಗಿದ್ದ ಸಕ್ಕರೆ ಕಾಯಿಲೆ ಪಾದಗಳಿಗೆ ಇಳಿಯಿತು. ಡ್ರೈವ್ ಮಾಡುವುದು ನಿಂತಿತು. ಭಾನುವಾರ ಚರ್ಚಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ವಾರವಿಡೀ ಆಸ್ಪತ್ರೆ ಡ್ಯೂಟಿ ಮಾಡಿ ಮೈ ಭಾರವಾಗಿದ್ದರೂ... ಒಮ್ಮೆ ಫ್ರೀವೇಯಲ್ಲಿ ಅಂದರು, "ಕಾಲಿಗೆ ಏನೂ ತಿಳಿಯುತ್ತಿಲ್ಲ. ಕೆಳಗೆ ನೋಡಿಕೊಂಡು ನುಡಿಸುವ ದಿನ ಬಂದರೆ ಅವತ್ತೇ ಬಿಟ್ಟುಬಿಡುತ್ತೇನೆ."

ಆ ದಿನವೂ ಬಂತು. ಪ್ರಾರ್ಥನೆಯ ನಡುವೆ ಆ ಬಿಳಿ ತಲೆ ಬಗ್ಗಿ ತನ್ನ ಪಾದಗಳನ್ನು ನೋಡತೊಡಗಿತು. ಒಂದು ಸ್ವರವೂ ತಪ್ಪಲಿಲ್ಲ, ಜನರಿಗೆ ಏನೂ ತಿಳಿಯಲಿಲ್ಲ. ನನಗೆ ಮಾತ್ರ ತಿಳಿಯಿತು.

ಮುಗಿದ ಮೇಲೆ ಅವರು ಶೂ ಬದಲಿಸಲಿಲ್ಲ. ನನ್ನ ತೋಳು ಹಿಡಿದು, ಅದೇ ಮಡಿ ಶೂನಲ್ಲಿ, ಕಾದ ಪಾರ್ಕಿಂಗ್ ಲಾಟಿನ ಮೇಲೆ ನಡೆದರು.

"ಅಂಕಲ್, ಶೂ!" ಅಂದೆ.

"ಗೊತ್ತು," ಅಂದರು.

ಶೂಗಳ ಚೀಲವನ್ನು ಅತ್ತೆಯ ಕೈಗೆ ಕೊಟ್ಟು, ಆ ಚಳಿಗಾಲದಲ್ಲೇ ತೀರಿಹೋದರು. ಅತ್ತೆಯೂ ಈಗಿಲ್ಲ.

"ಅಮ್ಮಾ, ಡೊನೇಟ್ ಆರ್ ಟ್ರ್ಯಾಶ್?" ಮಗಳು ಬಾಗಿಲಿಂದ ಕೇಳಿದಳು. ಶೂ ತಿರುಗಿಸಿ ನೋಡಿದೆ. ಅಡಿಯಲ್ಲಿ ಅವತ್ತಿನ ಟಾರು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಸಾಕಾಗಿದೆ ನನಗೆ, ಕಟ್ಟುವುದು, ಬಿಚ್ಚುವುದು, ಹೋದವರ ಸಾಮಾನು ಹೊರುವುದು. ದೇವರ ಪಟಗಳ ಡಬ್ಬಿಯಲ್ಲಿಡಲು ಧೈರ್ಯ ಬರಲಿಲ್ಲ. ನಮ್ಮ ಚಪ್ಪಲಿಗಳ ಜೊತೆ ಹಾಕಲು ಮನಸ್ಸು ಬರಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದೆ.