ನೂರು ಮೀಟರಿಗೊಂದು ಗಾಲಿ

ಕಣ್ಣೆದುರಿಗಿರುವ ವಸ್ತು ನನಗೆ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಇದು ಎಲ್ಲರೂ ಒಪ್ಪಿಕೊಂಡಿರುವ ಸಂಗತಿ. ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಾ ಎಂದರೆ ಹೋಗಿ, ಗೂಡುಗಳನ್ನೆಲ್ಲ ನೋಡಿ, ಬರಿಗೈಯಲ್ಲಿ ಬಂದು "ಇಲ್ಲಮ್ಮ" ಎನ್ನುತ್ತೇನೆ. ಅಮ್ಮ ಎದ್ದು ಹೋಗಿ, ನಾನು ನೋಡಿದ ಗೂಡಿನಿಂದಲೇ ಅದನ್ನು ತೆಗೆಯುತ್ತಾಳೆ. ಇಂಥ ನಾನು ನೂರು ಮೀಟರ್ ದೂರದ, ತಟ್ಟೆಯಷ್ಟು ಅಗಲದ ಕಪ್ಪು ವೃತ್ತಕ್ಕೆ ರೈಫಲಿನಿಂದ ಗುಂಡು ಹೊಡೆಯಲು ಕಲಿಯುತ್ತೇನೆಂದಾಗ ಅಮ್ಮ ನಗಲಿಲ್ಲ. ನಗದೆ ಇದ್ದದ್ದೇ ಹೆಚ್ಚು ಚುಚ್ಚಿತು.

"ಹತ್ರದ್ದಂತೂ ಕಾಣಲ್ಲ. ದೂರದ್ದಾದ್ರೂ ಕಾಣ್ಲಿ ಬಿಡು" ಎಂದಳು.

ನನ್ನ ಕೆಲಸ ದಿಬ್ಬೂರಹಳ್ಳಿಯ ಕಡೆಯ ಒಂದು ಊರಿನ ಹಾಲಿನ ಡೇರಿಯಲ್ಲಿ. ಯಾರ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂದು ಎರಡು ಹೊತ್ತೂ ಬರೆಯುತ್ತೇನೆ. ಮನೆಗೆ ಬಂದ ಮೇಲೆ ದಿನಚರಿ ಬರೆಯುತ್ತೇನೆ. ನಮ್ಮ ಕಡೆ ಹಾಲಿನದೂ ಡೈರಿಯೇ, ಬರೆಯುವುದೂ ಡೈರಿಯೇ. "ಎಲ್ಲಿ ನಿಮ್ ಮಗಳು?" ಎಂದು ಯಾರಾದರೂ ಕೇಳಿದರೆ ಅಮ್ಮ "ಡೈರೀಲವ್ಳೆ" ಎನ್ನುತ್ತಾಳೆ. ಯಾವುದರಲ್ಲಿ ಎಂದು ಕೇಳಿದವರು ಊಹಿಸಿಕೊಳ್ಳಬೇಕು. ಒಂದೇ ಶಬ್ದಕ್ಕೆ ಎರಡು ಅರ್ಥವಿದ್ದರೆ ಎಂಥ ಎಡವಟ್ಟಾಗುತ್ತದೆ ಎಂಬುದು ಊರಿನಲ್ಲಿ ಎಲ್ಲರಿಗಿಂತ ಮೊದಲು ನನಗೆ ಗೊತ್ತಿರಬೇಕಿತ್ತು. ಮುಂದೆ ಆದದ್ದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ಕ್ಯಾಂಪಿನಲ್ಲಿ ಐದು ಗುಂಡು ಹೊಡೆಸಿದ್ದರು. ಒಂದು ಗುಂಡು ಗುರಿಹಲಗೆಯ ನಡುವಿಗೇ ಬಿದ್ದಿತ್ತು. ಉಳಿದ ನಾಲ್ಕು ಎಲ್ಲಿ ಹೋದವೆಂದು ಸರ್ಕಾರಕ್ಕೂ ತಿಳಿಯದು. ಆ ಒಂದರ ರುಚಿ ಮಾತ್ರ ಬಿಡಲಿಲ್ಲ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ ಹಳೆಯ ಕಲ್ಲುಕ್ವಾರಿಯೊಂದರಲ್ಲಿ ರೈಫಲ್ ಕ್ಲಬ್ ಇದೆಯೆಂದು ತಿಳಿದ ಮೇಲೆ ಭಾನುವಾರಗಳಂದು ಬೆಳಗಿನ ಹಾಲು ಮುಗಿಸಿ ಬಸ್ ಹತ್ತತೊಡಗಿದೆ. ಸಂಜೆಯ ಹಾಲಿಗೆ ವಾಪಸ್. ಮೊದಲ ವರ್ಷ ಶೆಡ್ಡಿನೊಳಗೆ ಹತ್ತು ಮೀಟರಿನ ಏರ್ ರೈಫಲ್. ಆಮೇಲೆ ಬಯಲಿನ ಸಾಲು: ನಿಜವಾದ ಗುಂಡು, ನೂರು ಮೀಟರ್, ಗುರಿಯ ಹಿಂದೆ ಮಣ್ಣಿನ ದಿಬ್ಬ. ಬಯಲಿನ ಸಾಲಿಗೆ ಕ್ಲಬ್ಬಿನಲ್ಲಿದ್ದ ರೈಫಲ್‌ಗಳು ಕಡಿಮೆ. ಆದ್ದರಿಂದ ಯುಗಾದಿ ಕಳೆದ ಮೇಲೆ ಒಂದು ಪರೀಕ್ಷೆ. ಇಪ್ಪತ್ತು ನಿಮಿಷ, ಇಪ್ಪತ್ತು ಗುಂಡು, ಇನ್ನೂರಕ್ಕೆ ನೂರಾ ಅರವತ್ತು ಬಂದರೆ ಬಯಲಿನಲ್ಲಿ ಉಳಿಯಬಹುದು. ಬಾರದಿದ್ದರೆ ಮತ್ತೊಂದು ವರ್ಷ ಶೆಡ್ಡು. ಆ ಶೆಡ್ಡಿಗೆ ಮರಳುವುದಿಲ್ಲ ಎಂದು ನಾನು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ.

ಇಷ್ಟು ದೃಢಮನಸ್ಸಿನವರು ಮೊದಲು ಮಾಡುವ ಕೆಲಸವೆಂದರೆ ಸಾಮಾನು ಕೊಳ್ಳುವುದು. ಮೊಬೈಲಿನಲ್ಲಿ ನೋಡನೋಡುತ್ತ ನನಗೆ ಬೇಕಾದವುಗಳ ಸಾಲು ಬೆಳೆಯಿತು: ಹಲಗೆಯಂತೆ ಸೆಟೆದು ನಿಲ್ಲುವ ಚರ್ಮದ ಕೋಟು, ಐದು ಬೆರಳಿಗೂ ಬೇರೆಬೇರೆ ದಪ್ಪದ ಕೈಗವಸು, ಗಾಳಿಯ ವೇಗವನ್ನು ಅಂಕಿಯಲ್ಲಿ ಹೇಳುವ ಯಂತ್ರ. ಅಮ್ಮ ಕೋಟಿನ ಚಿತ್ರ ನೋಡಿ, "ಇದ್ನ ಹಾಕ್ಕೊಂಡು ಈ ಬಿಸ್ಲಲ್ಲಿ ಮಲ್ಕೊಂಡ್ರೆ ಮುದ್ದೆ ಬೆಂದಂಗೆ ಬೇಯ್ತೀಯ ಕಣೇ" ಎಂದಳು.

ನಮಗೆ ಕಲಿಸುವವರು ಗಂಗಿರೆಡ್ಡಿ ಸರ್. ನಗರಗೆರೆಯ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವರು, ಸೈನ್ಯದಿಂದ ನಿವೃತ್ತರಾದವರು. ಮನೆಯಲ್ಲಿ ತೆಲುಗು, ಕ್ಲಬ್ಬಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ನನ್ನ ಪಟ್ಟಿಯನ್ನು ಅವರು ಪೂರ್ತಿ ಓದಿದರು.

"ಮೊದ್ಲು ಕಿವಿ ಮುಚ್ಕೊಳ್ಳೋದು ತಗೋ ಅಮ್ಮಾಯಿ. ಆಮೇಲೆ ಕಣ್ಣಿಗೆ ಕನ್ನಡಕ. ಅವೆರಡು ಹೋದ್ರೆ ಯಾವ ಅಂಗ್ಡೀಲೂ ಸಿಗಲ್ಲ. ಮಿಕ್ಕಿದ್ದೆಲ್ಲ ಮನೇಲೇ ಹುಡುಕು."

ಮನೆಯಲ್ಲಿ ಹುಡುಕಿದೆ. ಮಲಗಲು ಹಳೆಯ ಜಮಖಾನ ಸಿಕ್ಕಿತು. ರೈಫಲಿನ ಮುಂಭಾಗಕ್ಕೆ ಆಸರೆಯಾಗಿ ಕ್ಲಬ್ಬಿನವರು ಕೊಡುತ್ತಿದ್ದ ಮರಳಿನ ಚೀಲ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ನಾನು ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ರಾಗಿ ತುಂಬಿ, ಎರಡೂ ಕಡೆ ಹೊಲಿದೆ. ರಾಗಿಕಾಳು ಸಣ್ಣದು, ನುಣುಪು. ಒತ್ತಿದ ಕಡೆ ಜರುಗಿ ರೈಫಲನ್ನು ತೊಟ್ಟಿಲಿನಂತೆ ಹಿಡಿದುಕೊಳ್ಳುತ್ತದೆ. ಎಷ್ಟು ವರ್ಷವಿಟ್ಟರೂ ಹುಳು ಬೀಳುವುದಿಲ್ಲವೆಂದು ಹೆಮ್ಮೆಯಿಂದ ಎಲ್ಲರಿಗೂ ಹೇಳಿದೆ. ಹುಳು ಬೀಳಲಿಲ್ಲ ನಿಜ. ಕ್ವಾರಿಯ ಅಳಿಲು ಬಂತು. ಒಂದು ಭಾನುವಾರ ಗುರಿ ಹಿಡಿದು ಮಲಗಿದ್ದಾಗ ರೈಫಲಿನ ಮೂತಿ ತನ್ನಷ್ಟಕ್ಕೆ ಇಳಿಯತೊಡಗಿತು. ನೋಡಿದರೆ ಚೀಲದಿಂದ ರಾಗಿ ಸುರಿಯುತ್ತಿತ್ತು. ಈಗ ಎರಡು ಪದರದ ಬಟ್ಟೆ ಹಾಕಿ ಹೊಲಿದಿದ್ದೇನೆ.

ವಿದ್ಯೆಯೂ ಹಾಗೆಯೇ ಸ್ವಲ್ಪಸ್ವಲ್ಪವಾಗಿ ಕೂತುಕೊಂಡಿತು. ಉಸಿರನ್ನು ಬಿಗಿಹಿಡಿಯಬಾರದು, ಬಿಟ್ಟ ಉಸಿರಿಗೂ ಮತ್ತೆ ಎಳೆಯುವ ಉಸಿರಿಗೂ ನಡುವೆ ಮೈ ತಾನಾಗಿ ಸುಮ್ಮನಾಗುವ ಗಳಿಗೆಯಲ್ಲಿ ಬೆರಳು ಒತ್ತಬೇಕು. ಹಳಬರು ಟ್ರಿಗರ್ ಒತ್ತುವುದಕ್ಕೆ ಬಂದೂಕಿನ ಕುದುರೆ ಎಳೆಯುವುದು ಎನ್ನುತ್ತಾರೆ. ರೈಫಲಿನ ದುರ್ಬೀನಿನ ಪಕ್ಕದಲ್ಲಿ ಗುಂಡಗಿನ ಒಂದು ತಿರುಪು ಬೇರೆ ಇದೆ. ಅದನ್ನು ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತ ಗುರಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಕುದುರೆಯ ಜೊತೆಗೆ ಈ ಪುಟ್ಟ ಚಕ್ರವೂ ಸೇರಿದರೆ ಬಂಡಿಯೇ ಆಯಿತಲ್ಲ ಎಂದು ನಾನು ನಕ್ಕಿದ್ದೆ. ಆ ತಮಾಷೆಯೇ ನನ್ನ ದಾರಿ ತಪ್ಪಿಸಿತು.

ಗಂಗಿರೆಡ್ಡಿ ಸರ್ ನಮ್ಮ ಹಿಂದೆ ಅಡ್ಡಾಡುತ್ತ, ನನ್ನ ಬಳಿ ಬಂದಾಗಲೆಲ್ಲ "ಗಾಲಿ ನೋಡಮ್ಮಾ, ಗಾಲಿ" ಎನ್ನುತ್ತಿದ್ದರು. ನಾನು ಗಾಲಿ ನೋಡುತ್ತಿದ್ದೆ. ಬರಿದೇ ನೋಡಿದರೆ ಏನು ಬಂತೆಂದು ಎರಡು ಟಿಕ್ ತಿರುಗಿಸುತ್ತಿದ್ದೆ. ಮತ್ತೆ ಬಂದು "ಗಾಲಿ, ಗಾಲಿ" ಎಂದರೆ ಈ ಕಡೆಯಲ್ಲವೇನೋ ಎಂದು ಮೂರು ಟಿಕ್ ಹಿಂದಕ್ಕೆ. ದಿನಚರಿಯಲ್ಲಿ 'ಗಾಲಿ' ಎಂದೇ ಒಂದು ಅಂಕಣ ಹಾಕಿ ಎಲ್ಲವನ್ನೂ ಬರೆದಿಡುತ್ತಿದ್ದೆ. ಗುಂಡುಗಳು ಒಂದು ವಾರ ಎಡಕ್ಕೆ, ಇನ್ನೊಂದು ವಾರ ಬಲಕ್ಕೆ ಹೋಗುತ್ತಿದ್ದವು. ಒಂದು ಸಲ ಒಂದು ಗುಂಡು ಪಕ್ಕದವರ ಗುರಿಹಲಗೆಗೂ ಹೋಗಿ ಅವರ ಅಂಕ ಹೆಚ್ಚಿಸಿತು. ನಾನು ನೂರಾ ನಲವತ್ತು ದಾಟುತ್ತಿರಲಿಲ್ಲ. ಪರೀಕ್ಷೆ ಹತ್ತಿರವಾಗುತ್ತಿತ್ತು.

ಕೊನೆಗೊಂದು ಭಾನುವಾರ ಅವರ ತಾಳ್ಮೆ ಮುಗಿಯಿತು. "ಗಾಲಿ ನೋಡು ಅಂದ್ರೆ ಅದನ್ಯಾಕಮ್ಮಾ ತಿರುವ್ತೀಯ?"

"ಗಾಲಿ ಇದೇ ಅಲ್ವಾ ಸರ್?"

"ಅಲ್ಲೆಲ್ಲೈತೆ? ಅದೋ, ಆ ನೀಲಗಿರಿ ಮರದಲ್ಲಿ ಐತೆ ಚೂಡು."

ನಾನು ನೀಲಗಿರಿ ಮರ ನೋಡಿದೆ. ಯಾರೋ ಕಟ್ಟಿದ ಹಳೆಯ ಟೈರು ಇರಬಹುದೆಂದು ಕೊಂಬೆಕೊಂಬೆಯನ್ನೂ ಹುಡುಕಿದೆ. ಟೈರು ಕಾಣಲಿಲ್ಲ. ಎಲೆಗಳೆಲ್ಲ ಒಂದೇ ಕಡೆಗೆ ಹೊರಳಿ ಬೆಳ್ಳಗೆ ಹೊಳೆಯುತ್ತಿದ್ದವು. ಆಗ ಹೊಳೆಯಿತು. ತೆಲುಗಿನಲ್ಲಿ ಗಾಳಿಗೆ ಗಾಲಿ ಎನ್ನುತ್ತಾರೆ. ಡೇರಿಗೆ ಬರುವವರಲ್ಲಿ ಅರ್ಧಕ್ಕರ್ಧ ಮಂದಿ ನನ್ನೊಡನೆ ಮಾತಾಡುವುದು ತೆಲುಗಿನಲ್ಲಿಯೇ. ಅದು ನನಗೆ ಗೊತ್ತಿರದ ಶಬ್ದವಲ್ಲ, ಕಣ್ಣೆದುರಿಗಿದ್ದ ಶಬ್ದ. ಆದ್ದರಿಂದಲೇ ಕಾಣಲಿಲ್ಲ.

"ಗಾಳಿ ಅಂತ ಹೇಳ್ಬಾರ್ದಿತ್ತಾ ಸರ್?"

"ಇನ್ನೇನಂದೆ ಮತ್ತೆ? ಗಾಲಿ ಅಂತಾನೇ ಅಂದಿದ್ದು."

ವಾದಿಸಿ ಉಪಯೋಗವಿರಲಿಲ್ಲ. ಹತ್ತು ಮೀಟರಿನ ಶೆಡ್ಡಿನಲ್ಲಿ ಗಾಳಿಗೆ ಪ್ರವೇಶವಿಲ್ಲ. ನೂರು ಮೀಟರಿನಲ್ಲಿ ನಮ್ಮ ಸಣ್ಣ ಗುಂಡನ್ನು ಅದು ಅಂಗೈಯಗಲ ಆಚೆಗೆ ತಳ್ಳಬಲ್ಲದು. ನಾನು ಅಷ್ಟು ದಿನ ಹೊರಗಿನ ಗಾಳಿಯ ತಪ್ಪಿಗೆ ಒಳಗಿನ ತಿರುಪನ್ನು ಶಿಕ್ಷಿಸುತ್ತಿದ್ದೆ.

ಇನ್ನು ಗಾಳಿಯನ್ನು ನೋಡಬೇಕು. ಯಂತ್ರ ಕೈಗೆಟುಕುವಂಥದ್ದಲ್ಲ. ಕ್ಲಬ್ಬಿನ ಬಟ್ಟೆಬಾವುಟಗಳೋ ಮೆಲುಗಾಳಿಗೆ ಮಿಸುಕುವುದಿಲ್ಲ. ಬಸ್ ಬದಲಿಸಲು ಶಿಡ್ಲಘಟ್ಟದಲ್ಲಿ ಇಳಿದಾಗ ನೂರ್ ಆಪಾ ಮನೆಗೆ ಹೋದೆ. ಆಕೆ ನನ್ನ ಸಹಪಾಠಿಯ ಅಕ್ಕ. ಮನೆಯ ಹಿಂದೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ. ಒಂದಷ್ಟು ರೇಷ್ಮೆ ಎಳೆ ಬೇಕಿತ್ತು ಎಂದೆ.

"ಎಳೇನಾ? ಅಷ್ಟೇನಾ? ನಾನು ಸೀರೆ ಕೇಳ್ತೀಯ ಅಂತ ಹೆದರ್ಕೊಂಡೆ ಬೇಟಾ" ಎಂದು ಆಕೆ ಕೈತುಂಬ ಕೊಟ್ಟಳು. "ನಮ್ ರೂಮಲ್ಲಿ ಯಾರಾದ್ರೂ ಬಾಗಿಲು ತೆಗೆದ್ರೆ ಮೊದ್ಲು ಇದಕ್ಕೆ ಗೊತ್ತಾಗತ್ತೆ. ಆಮೇಲೆ ನಂಗೆ."

ಗಂಗಿರೆಡ್ಡಿ ಸರ್ ಒಪ್ಪಿಗೆ ಪಡೆದು ಸಾಲಿನುದ್ದಕ್ಕೂ ಮೂರು ಕಡ್ಡಿ ನೆಟ್ಟು, ಒಂದೊಂದಕ್ಕೂ ದುರ್ಬೀನಿನಲ್ಲಿ ಕಾಣುವಷ್ಟು ದಪ್ಪಗೆ ಹೊಸೆದ ಒಂದೊಂದು ಎಳೆ ಕಟ್ಟಿದೆ: ಹತ್ತಿರಕ್ಕೊಂದು, ನಡುವಿಗೊಂದು, ಗುರಿಯ ಬಳಿಗೊಂದು. ನಾಲ್ಕು ಭಾನುವಾರ ಗುಂಡು ಹೊಡೆದದ್ದಕ್ಕಿಂತ ಎಳೆ ನೋಡಿದ್ದೇ ಹೆಚ್ಚು. ನೂರು ಮೀಟರ್ ಎಂದರೆ ಖಾಲಿ ಜಾಗವೆಂದುಕೊಂಡಿದ್ದೆ. ಅಲ್ಲಿ ಸಂತೆಯಷ್ಟು ಓಡಾಟ. ಒಂದೇ ಹೊತ್ತಿನಲ್ಲಿ ನಡುವಿನ ಎಳೆ ಬಲಕ್ಕೂ ಕೊನೆಯದು ಕ್ವಾರಿಯ ಬಂಡೆಗೆ ತಾಗಿ ಹಿಂತಿರುಗಿದ ಗಾಳಿಗೆ ಎಡಕ್ಕೂ ಹಾರುತ್ತದೆ. ದುರ್ಬೀನಿನಲ್ಲಿ ಗುರಿ ಮಾತ್ರ ಏನೂ ಆಗಿಲ್ಲವೆಂಬಂತೆ ದುಂಡಗೆ ಕೂತಿರುತ್ತದೆ.

ಪರೀಕ್ಷೆಯ ದಿನ ಹದಿನಾರು ಗುಂಡು ಮುಗಿದಾಗ ನನ್ನ ಲೆಕ್ಕದಲ್ಲಿ ನೂರಾ ಇಪ್ಪತ್ತೆಂಟು. ಉಳಿದ ನಾಲ್ಕರಿಂದ ಮೂವತ್ತೆರಡು ಬೇಕು. ಆಗಲೇ ಗಾಳಿ ಎದ್ದಿತು. ಮೂರು ಎಳೆಗಳೂ ಮೂರು ದಿಕ್ಕಿಗೆ. ಪಕ್ಕದವನು ಸಮಯ ಮೀರೀತೆಂದು ಪಟಪಟನೆ ಹೊಡೆದು ಮುಗಿಸಿದ. ನನ್ನ ಕೈ ತನ್ನಷ್ಟಕ್ಕೆ ತಿರುಪಿನ ಕಡೆ ಹೋಯಿತು, ಹಳೆಯ ಅಭ್ಯಾಸ. ಕೈ ಹಿಂದಕ್ಕೆ ತಂದೆ. ಟ್ರಿಗರಿನಿಂದ ಬೆರಳು ತೆಗೆದು, ರಾಗಿಚೀಲದ ಮೇಲೆ ರೈಫಲನ್ನು ಬಿಟ್ಟು, ಹೊಟ್ಟೆಯ ಮೇಲೆ ಮಲಗಿ ಕಾದೆ. ಪರೀಕ್ಷೆಯಲ್ಲಿ ಏನೂ ಮಾಡದೆ ಮಲಗಿರುವುದು ಎಷ್ಟು ಕಷ್ಟವೆಂದು ಅಂದೇ ಗೊತ್ತಾದದ್ದು.

ಎಳೆಗಳು ಇಳಿದವು. ಎರಡು ಗುಂಡು ಹೊಡೆದೆ. ಮತ್ತೆ ಎದ್ದವು, ಮತ್ತೆ ಕಾದೆ, ಇನ್ನೊಂದು ಹೊಡೆದೆ. ಕೊನೆಯ ಗುಂಡಿಗೆ ಗಾಳಿ ನಿಲ್ಲುವ ಲಕ್ಷಣವೇ ಇರಲಿಲ್ಲ. ಆದರೆ ಮೂರೂ ಎಳೆ ಒಮ್ಮನಸ್ಸಿನಿಂದ ಬಲಕ್ಕೆ ಹಾರುತ್ತಿದ್ದವು. ಗಾಳಿ ನೋಡಿ, ಗಾಲಿಯನ್ನು ಎಡಕ್ಕೆ ಎರಡು ಟಿಕ್ ತಿರುಗಿಸಿ, ಉಸಿರು ಬಿಟ್ಟು ಒತ್ತಿದೆ.

ಗುರಿಕಾಗದ ತಂದು ಗಂಗಿರೆಡ್ಡಿ ಸರ್ ಎರಡು ಸಲ ಎಣಿಸಿದರು. "ನೂರಾ ಅರವತ್ತೆರಡು. ಗಾಲಿ ನೋಡ್ದೆ ತಾನೆ?"

"ಎರಡೂ ನೋಡ್ದೆ ಸರ್."

"ಎರಡ್ಯಾವ್ದಮ್ಮಾ?" ಎಂದರು. ಅವರಿಗೆ ಇಂದಿಗೂ ಅದು ಅರ್ಥವಾಗಿಲ್ಲ.

ಸಂಜೆಯ ಹಾಲು ಮುಗಿಸಿ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮ, "ನೂರು ಮೀಟ್ರು ಕಂಡ್ತಾ? ಹಂಗಾದ್ರೆ ಆ ಉಪ್ಪಿನ ಡಬ್ಬಿ ಕೊಡು" ಎಂದಳು. ಗೂಡಿನ ಮುಂದೆ ನಿಂತೆ. ಉಪ್ಪು ಇರಲಿಲ್ಲ. "ಇಲ್ಲಮ್ಮ" ಎಂದು ಬಾಯಿ ತೆರೆದವಳು, ಪರೀಕ್ಷೆಯಲ್ಲಿ ಕಾದಂತೆಯೇ ಇನ್ನೊಂದು ಗಳಿಗೆ ಕಾದೆ. ನನಗೂ ಉಪ್ಪಿಗೂ ನಡುವೆ ಹುಣಸೆಹಣ್ಣಿನ ಡಬ್ಬಿಯೊಂದು ಇತ್ತು. ಅದನ್ನು ಎರಡು ಟಿಕ್‌ನಷ್ಟು ಎಡಕ್ಕೆ ಸರಿಸಿದೆ.