ಅವ್ವನ ಪಾಲಿನ ಐಸ್ ಕಡ್ಡಿ

ಅವ್ವನಿಗೆ ಜಾಸ್ತಿ ನೀರು ಕೊಡಬಾರದು ಅಂತ ಡಾಕ್ಟರು ಹೇಳಿದ್ದು ನನಗೆ, ಊರಿಗಲ್ಲ. ಊರಿಗೆ ತಿಳಿಸಿ ಹೇಳುವ ಕೆಲಸವೂ ನನ್ನ ತಲೆಗೇ ಬಿತ್ತು. ಹೇಳಿ ಹೇಳಿ ನನ್ನ ಗಂಟಲು ಹರಿದುಹೋಯಿತೇ ಹೊರತು ಒಬ್ಬರ ಕಿವಿಗೂ ಹೋಗಲಿಲ್ಲ.

ಅವ್ವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರವಾರ ಡಯಾಲಿಸಿಸ್. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಹೆಚ್ಚು ಕುಡಿದರೆ ಮೊದಲು ಕಾಲು ಊದುತ್ತೆ, ಆಮೇಲೆ ಮುಖ, ಆಮೇಲೆ ಉಸಿರಿಗೇ ಬರುತ್ತೆ. ದಿನಕ್ಕೆ ಒಂದು ಸಣ್ಣ ಚೊಂಬು, ಅಷ್ಟೇ. ಟೀ, ಸಾರು, ಮಾತ್ರೆ ನುಂಗುವ ನೀರು ಎಲ್ಲಾ ಅದರೊಳಗೇ ಬರಬೇಕು. ನಮ್ಮದು ಚಳ್ಳಕೆರೆ. ಶೀಟಿನ ಮನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಸುಮ್ಮನೆ ಕೂತರೂ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತೆ. ಅಂಥದ್ದರಲ್ಲಿ ಹೆತ್ತವಳ ಕೈಯಿಂದ ಲೋಟ ಕಿತ್ತುಕೊಳ್ಳುವುದು ನನ್ನ ದಿನದ ಕೆಲಸವಾಯಿತು.

ನಮ್ಮ ಕಡೆ ಬಾಗಿಲಿಗೆ ಯಾರೇ ಬರಲಿ, ಮೊದಲು ಒಂದು ಚೊಂಬು ನೀರು, ಒಂದು ಚೂರು ಬೆಲ್ಲ. ಯಾರು, ಯಾಕೆ ಬಂದಿರಿ ಅನ್ನುವ ಮಾತೆಲ್ಲ ಆಮೇಲೆ. ಅವ್ವ ಬದುಕೆಲ್ಲ ಹಾಗೇ ಮಾಡಿಕೊಂಡು ಬಂದವಳು. ಶೇಂಗಾ ಕೀಳುವ ಕೂಲಿಗೆ ಹೋದಾಗಲೂ ತಾನು ತಂದ ನೀರನ್ನು ಮೊದಲು ಪಕ್ಕದ ಸಾಲಿನವಳಿಗೆ ಕೊಟ್ಟು, ಉಳಿದರೆ ತಾನು ಕುಡಿಯುತ್ತಿದ್ದಳು. ಕಾಯಿಲೆ ಬಿದ್ದ ಮೇಲೂ ಆ ಚಾಳಿ ಬಿಡಲಿಲ್ಲ. ತನ್ನನ್ನು ನೋಡೋಕೆ ಬಂದವರಿಗೆ ಗೋಡೆ ಹಿಡಿದುಕೊಂಡು ಎದ್ದು ತಾನೇ ನೀರು ತಂದುಕೊಡುತ್ತಿದ್ದಳು. ಕೊಟ್ಟವಳು ಎದುರಿಗೆ ಕೂತು ಅವರ ಗಂಟಲನ್ನೇ ನೋಡುತ್ತಿದ್ದಳು. ನೀರು ಇಳಿಯುವುದನ್ನು, ಗಂಟಲು ಮೇಲೆ ಕೆಳಗೆ ಆಡುವುದನ್ನು, ಕಣ್ಣು ಮಿಟುಕಿಸದೆ. ನಾನು ಹೊಲಿಗೆ ಮಿಷನ್ನಿನ ಮುಂದೆ ತಲೆ ತಗ್ಗಿಸಿಕೊಂಡು ಕೂತುಬಿಡುತ್ತಿದ್ದೆ.

ಬಂದವರಾದರೂ ಕುಡಿದು ಸುಮ್ಮನೆ ಹೋಗುತ್ತಿದ್ದರಾ? ಇಲ್ಲ. ಹೆತ್ತ ತಾಯಿಗೆ ಗುಟುಕು ನೀರು ಕೊಡದ ಮಗಳು ಅಂತ ನನ್ನ ಮುಖಕ್ಕೇ ಅನ್ನುತ್ತಿದ್ದರು. ನಾನು ಅಡುಗೆಮನೆಗೆ ಹೋಗುವುದನ್ನೇ ಕಾದಿದ್ದು ತಮ್ಮ ಚೊಂಬಿನಿಂದ ಅವ್ವನ ಬಾಯಿಗೆ ಬಗ್ಗಿಸುತ್ತಿದ್ದರು. ಕೇಳಿದರೆ, ಪಾಪ, ಮುದುಕಿ, ಎಷ್ಟು ಬಾಯಾರಿರುತ್ತೋ ಅಂತ. ಪಾಪವಂತೆ. ಮಾರನೇ ದಿನ ಅವ್ವ ಉಸಿರು ಸಿಗದೆ ದಿಂಬಿಗೆ ಒರಗಿ ಕೂತು ಒದ್ದಾಡುವಾಗ ಈ ಪಾಪ ಅನ್ನೋರಲ್ಲಿ ಒಬ್ಬರಾದರೂ ಬಂದು ಬೆನ್ನು ನೀವಿದರಾ? ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು. ಎಷ್ಟು ಜನರ ಹತ್ತಿರ ಜಗಳ ಮಾಡಿದೆನೋ ನನಗೇ ನೆನಪಿಲ್ಲ.

ಆಗ ಹೊಳೆದದ್ದು ಐಸು. ಒಂದು ಗುಟುಕು ನೀರು ಕೊಟ್ಟರೆ ಒಂದು ಕ್ಷಣಕ್ಕೆ ಮುಗಿಯುತ್ತೆ, ಅದೇ ಗುಟುಕನ್ನು ಗಟ್ಟಿ ಮಾಡಿಕೊಟ್ಟರೆ ಬಾಯಲ್ಲಿ ಬಹಳ ಹೊತ್ತು ಇರುತ್ತೆ. ಡಾಕ್ಟರನ್ನು ಕೇಳಿದೆ, ಲೆಕ್ಕದೊಳಗೆ ಇದ್ದರೆ ಕೊಡಿ ಅಂದರು. ಬರೀ ನೀರಿನ ತುಂಡು ಕೊಟ್ಟರೆ ಅವ್ವ ಕಲ್ಲು ಚೀಪಿಸ್ತೀಯೇನೇ ಅಂತ ಉಗಿದಳು. ಸರಿ, ಕಡ್ಡಿ ಐಸ್ ಮಾಡೋಣ ಅಂತ ಕೂತೆ. ಮಕ್ಕಳ ಕೆಮ್ಮಿನ ಸಿರಪ್ಪಿನ ಬಾಟ್ಲಿಗಳ ಮೇಲೆ ಅಳತೆಯ ಮುಚ್ಚಳ ಇರುತ್ತಲ್ಲ, ಅವನ್ನೆಲ್ಲ ಕೂಡಿಹಾಕಿದೆ. ಅದೇ ಅಚ್ಚು, ಅದೇ ಅಳತೆ. ಕಡ್ಡಿಗೆ ಹಿತ್ತಲ ಬೇವಿನ ಮರ. ಸಣ್ಣ ಟೊಂಗೆ ಮುರಿದು, ಸಿಪ್ಪೆ ತೆಗೆದು, ತೊಳೆದು, ಒಣಗಿಸಿ ಇಟ್ಟುಕೊಂಡೆ. ಅವ್ವ ಬೇವಿನ ಕಡ್ಡಿಯಲ್ಲೇ ಹಲ್ಲುಜ್ಜಿ ಬೆಳೆದವಳು, ಐಸು ಕರಗಿದ ಮೇಲೂ ಕಡ್ಡಿಯನ್ನು ಅಗಿಯುತ್ತಾ ಕೂರುತ್ತಿದ್ದಳು. ಮೊದಲೇ ಕಡ್ಡಿ ಇಟ್ಟರೆ ಒಂದು ಕಡೆ ವಾಲಿಬಿಡುತ್ತೆ. ಅರ್ಧ ಗಟ್ಟಿಯಾದಾಗ ತೆಗೆದು ಚುಚ್ಚಬೇಕು. ಆ ಹೊತ್ತಿಗೇ ಸರಿಯಾಗಿ ಕರೆಂಟು ಹೋಗುತ್ತಿತ್ತು, ಬೇಕಂತಲೇ ಮಾಡಿದಂಗೆ.

ಬಗೆಬಗೆಯದು ಮಾಡಿದೆ. ಶುಂಠಿ ಜಜ್ಜಿ ಸೋಸಿದ ಸಕ್ಕರೆ ನೀರು, ಏಲಕ್ಕಿಯದು, ಸೋಂಪು ಕುದಿಸಿದ್ದು, ಪುದೀನದ ನಾಲ್ಕು ಎಲೆಗೆ ನಿಂಬೆಯ ನಾಲ್ಕು ತೊಟ್ಟು. ಅವ್ವನಿಗೆ ಬೇಕಾಗಿದ್ದು ಹುಣಸೆಹಣ್ಣು, ಬೆಲ್ಲ, ಮೇಲೆ ಒಂದು ಚಿಟಿಕೆ ಖಾರದಪುಡಿ. ಅದೆಲ್ಲ ಬಂದ್. ನೀರಷ್ಟೇ ಅಲ್ಲ, ಪೊಟ್ಯಾಸಿಯಂ ಅಂತ ಇನ್ನೊಂದು ಶತ್ರು. ಅದು ಏರಿದರೆ ಎದೆ ಬಡಿತವೇ ನಿಲ್ಲಬಹುದು ಅಂದಿದ್ದರು. ನನ್ನ ಮಕ್ಕಳಿಬ್ಬರಿಗೆ ಒಂದು ಸಲ ಹುಣಸೆಯದೇ ಮಾಡಿಕೊಟ್ಟೆ. ಅವರು ಲೊಟ್ಟೆ ಹೊಡೆಯುತ್ತಾ ತಿನ್ನುವಾಗ ಅವ್ವ ನೋಡಿದ ನೋಟ ನೋಡಿ, ಇನ್ನು ಮೇಲೆ ಈ ಮನೆಯಲ್ಲಿ ಅವ್ವ ತಿನ್ನೋದನ್ನೇ ಎಲ್ಲರೂ ತಿನ್ನಬೇಕು ಅಂತ ಕಟ್ಟಪ್ಪಣೆ ಮಾಡಿದೆ. ಮಕ್ಕಳು ಮುಖ ಊದಿಸಿದರು. ನನ್ನ ಗಂಡ ಅದಕ್ಕೆ ಔಷಧಿ ಐಸ್ ಅಂತ ಹೆಸರಿಟ್ಟು, ಬಾಯಿ ಮುಚ್ಚಿಕೊಂಡು ಅದನ್ನೇ ಚೀಪಿದರು. ಊಟ ಆದ ಮೇಲೆ ಎಲ್ಲರೂ ಬಾಗಿಲ ನೆರಳಿಗೆ ಸಾಲಾಗಿ ಕೂತು ಬೇವಿನ ಕಡ್ಡಿ ಹಿಡಿದಿರುತ್ತಿದ್ದೆವು. ಅವ್ವ ಆ ಹೊತ್ತಿಗೆ ನಗುತ್ತಿದ್ದಳು, ಇಲ್ಲ ಅನ್ನಲ್ಲ.

ನೋಡೋಕೆ ಬರುವವರಿಗೆಲ್ಲ ಹೇಳಿದೆ, ಫೋನಿನಲ್ಲೂ ಹೇಳಿದೆ: ನೀರು ಕೊಡಬೇಡಿ, ಕೊಡಲೇಬೇಕು ಅನ್ನಿಸಿದರೆ ಫ್ರಿಜ್ಜಿನಲ್ಲಿ ಐಸ್ ಕಡ್ಡಿ ಐತೆ, ಒಂದು ಕೊಡಿ. ಬಿ.ಜಿ. ಕೆರೆಯ ಚಿಕ್ಕವ್ವನಿಗೂ ಹೇಳಿದೆ, ಬೇವಿನ ಕಡ್ಡಿ ಚುಚ್ಚಿ ಹೇಗೆ ಮಾಡೋದು ಅನ್ನೋದನ್ನೂ. ಚಿಕ್ಕವ್ವ ಅಂದರೆ ಅವ್ವನ ಒಡಹುಟ್ಟಿದ ತಂಗಿ, ಅವ್ವನೇ ಎತ್ತಿ ಆಡಿಸಿ ಬೆಳೆಸಿದವಳು.

ಒಂದು ದಿನ ಹೊಲಿದ ಬ್ಲೌಸು ಕೊಟ್ಟು, ದಾರ ತರೋಣ ಅಂತ ಪೇಟೆಗೆ ಹೋಗಿದ್ದೆ. ವಾಪಸು ಬಂದರೆ ಚಿಕ್ಕವ್ವ ಬಂದು ಕೂತಿದ್ದಳು. ಪಕ್ಕದಲ್ಲಿ ಅಗಲ ಬಾಯಿನ ಫ್ಲಾಸ್ಕು, ಅದಕ್ಕೆ ಸುತ್ತಿದ್ದ ಒದ್ದೆ ಟವೆಲ್ಲು. ಅವ್ವನ ಮುಂದಿನ ತಟ್ಟೆಯಲ್ಲಿ ಬೇವಿನ ಕಡ್ಡಿಗಳ ರಾಶಿ. ಚಿಕ್ಕವ್ವ ಮುಖ ಅರಳಿಸಿಕೊಂಡು, ನೋಡೇ, ನಾನೂ ಮಾಡ್ಕೊಂಡು ಬಂದೆ, ನಿಮ್ಮವ್ವ ಒಂದೂ ಬಿಡದೆ ತಿಂದ್ಲು ಅಂದಳು. ಏನು ಹಾಕಿ ಮಾಡಿದೆ ಅಂತ ಕೇಳಿದೆ.

"ಎಳನೀರು. ಮೈಗೆ ತಂಪು ಅಂತ. ನೀರು ಬ್ಯಾಡ, ಐಸ್ ಆದ್ರೆ ಕೊಡಬೋದು ಅಂತ ನೀನೇ ಅಂದಿದ್ಯಲ್ಲವ್ವ."

ನಮ್ಮ ಜನಕ್ಕೆ ಯಾರು ಹಾಸಿಗೆ ಹಿಡಿದರೂ ಎಳನೀರೇ ಮೊದಲು ನೆನಪಾಗೋದು. ಆಸ್ಪತ್ರೆಗೆ ಹೋಗುವಾಗ ಬೇರೇನು ಮರೆತರೂ ಅದನ್ನು ಮರೆಯಲ್ಲ. ಆದರೆ ಇವರಿಗೆ ಮುಟ್ಟಿಸಲೇಬೇಡಿ ಅಂತ ಡಾಕ್ಟರು ಮೊದಲು ಹೇಳಿದ್ದೇ ಅದನ್ನು, ಪೊಟ್ಯಾಸಿಯಂ ತುಂಬಾ ಐತೆ ಅಂತ. ಚಿಕ್ಕವ್ವನಿಗೆ ಇದನ್ನೂ ಹೇಳಿದ್ದೆ, ಹೇಳದೆ ಬಿಟ್ಟವಳಲ್ಲ ನಾನು. ಆದರೆ ಅವಳ ತಲೆಯಲ್ಲಿ ಕುಡಿದರೆ ಅದು ಎಳನೀರು, ಕಡ್ಡಿಗೆ ಕಟ್ಟಿದರೆ ಅದು ಐಸು. ಐಸಿಗೆ ಅಡ್ಡಿಯಿಲ್ಲವಲ್ಲ.

ಕೂಡಲೇ ಆಸ್ಪತ್ರೆಗೆ ಹೊರಡೋಣ ಅಂದರೆ ಅವ್ವ ಏನೂ ಆಗಿಲ್ಲ ಬಿಡು ಅಂತ ಹಟ ಹಿಡಿದಳು. ಗಂಡ ಆಟೋ ತರುವಷ್ಟರಲ್ಲಿ ಎದ್ದು ನಿಲ್ಲೋಕೆ ನೋಡಿದವಳಿಗೆ ಕಾಲು ಎತ್ತಲಾಗಲಿಲ್ಲ. ಚಳ್ಳಕೆರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ತಡ ಮಾಡಬೇಡಿ ಅಂತ ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಒಳಗೆ ಮಲಗಿಸಿಕೊಂಡು ಡಯಾಲಿಸಿಸ್ ಶುರು ಮಾಡಿದರು. ಹೊರಗೆ ಬೆಂಚಿನ ಮೇಲೆ ಚಿಕ್ಕವ್ವ ಆ ಖಾಲಿ ಫ್ಲಾಸ್ಕನ್ನು ಇನ್ನೂ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ಅದನ್ನು ಕಂಡು ನನ್ನ ಸಿಟ್ಟು ನೆತ್ತಿಗೇರಿತು.

"ನಮ್ಮವ್ವನ್ನ ಕೊಲ್ಲಾಕೆ ಬಂದಿದ್ಯಾ? ಇನ್ನು ನಮ್ಮ ಮನೆ ಹೊಸ್ತಿಲು ತುಳೀಬ್ಯಾಡ."

ಚಿಕ್ಕವ್ವ ಎದ್ದು ಬಸ್‌ಸ್ಟ್ಯಾಂಡಿನ ಕಡೆ ಹೋದಳು.

ಅವ್ವ ಉಳಿದಳು. ಮನೆಗೆ ಬಂದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಯಾರು ಫೋನ್ ಮಾಡಿದರೂ ಚಿಕ್ಕವ್ವನ ಕಥೆ ಹೇಳುತ್ತಿದ್ದೆ. ತಿಳಿವಳಿಕೆ ಇಲ್ಲ, ಹೇಳಿದ್ದು ತಲೆಗೆ ಹೋಗಲ್ಲ ಅಂತ ಬಾಯಿಗೆ ಬಂದಂಗೆ ಆಡಿದೆ. ಅವ್ವ ಮಂಚದ ಮೇಲೆ ಗೋಡೆ ಕಡೆ ತಿರುಗಿ ಎಲ್ಲಾ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಬೆಳಗ್ಗೆ ನಾನು ಹೀಗೇ ಬೈಯುತ್ತಾ ಅಚ್ಚುಗಳಿಗೆ ಶುಂಠಿ ನೀರು ಹುಯ್ಯುತ್ತಿದ್ದೆ. ಅವ್ವ ಸಾಕು ಬಿಡೇ ಅಂದಳು. ಯಾಕೆ ಬಿಡಲಿ ಅಂದೆ. ಬಾಯಿಗೆ ಇಟ್ಟಾಗಲೇ ಅದು ಎಳನೀರು ಅಂತ ತನಗೆ ಗೊತ್ತಾಗಿತ್ತು ಅಂದಳು.

ಎಳನೀರು ಕೂಡದು ಅಂತ ಡಾಕ್ಟರು ಹೇಳುವಾಗ ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಗೊತ್ತಿದ್ದೂ ಯಾಕೆ ತಿಂದೆ ಅಂತ ಕೇಳಿದೆ. ತಂಗಿ ಅಷ್ಟು ದೂರದಿಂದ ಆಸೆಪಟ್ಟು ಮಾಡಿಕೊಂಡು ಬಂದಿದ್ದಳು, ಬ್ಯಾಡ ಅನ್ನೋಕೆ ಮನಸ್ಸು ಬರಲಿಲ್ಲ ಅಂತಾಳೇನೋ ಅಂದುಕೊಂಡೆ. ಅವ್ವ ಹಾಗನ್ನಲಿಲ್ಲ.

"ಬಾಯಾರಿತ್ತು ಕಣೇ. ನೀನು ಮನ್ಯಾಗಿರಲಿಲ್ಲ."

ಎಂಥ ಸಿಟ್ಟು ಬಂತು ಅಂದರೆ ಕೈಲಿದ್ದ ಪಾತ್ರೆ ನೆಲಕ್ಕೆ ಕುಕ್ಕಿದೆ. ತಾನು ಗೊತ್ತಿದ್ದೇ ತಿಂದು, ನಾನು ಅವಳ ತಂಗಿಯನ್ನು ಕೊಲೆಗಾತಿ ಅನ್ನುವಂಗೆ ಬೈಯುವಾಗ ಬಾಯಿ ಮುಚ್ಚಿಕೊಂಡಿದ್ದಳು. ನಿಜ ಹೇಳಿದ್ದರೆ ಏನಾಗುತ್ತಿತ್ತು ಅಂತ ಕಿರುಚಿದೆ. ನಿಜ ಹೇಳಿದರೆ ನೀನು ಐಸ್ ಕಡ್ಡಿಯನ್ನೂ ನಿಲ್ಲಿಸಿಬಿಡ್ತೀಯ ಅಂತ ಹೆದರಿಕೆಯಾಯಿತು ಅಂದಳು, ನನ್ನ ಮುಖ ನೋಡದೆ. ನನ್ನವ್ವ ನನಗೆ ಹೆದರಿಕೊಂಡಿದ್ದಳು. ಅದಕ್ಕೂ ನನಗೆ ಸಿಟ್ಟೇ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಫೋನ್ ಹಚ್ಚಿ ಅವ್ವನ ಕೈಗೆ ತುರುಕಿದೆ, ನಿನ್ನ ತಂಗಿಗೆ ನೀನೇ ಹೇಳು ಅಂದೆ. ಅವ್ವ ಹೇಳಿದಳು, ಏನೂ ಮುಚ್ಚಿಡಲಿಲ್ಲ. ಆಮೇಲೆ ನಾನೂ ಫೋನ್ ಇಸ್ಕೊಂಡು, ಬಾ ಚಿಕ್ಕವ್ವ, ಬರುವಾಗ ಏನೂ ತರಬ್ಯಾಡ ಅಂದೆ.

ಮಾರನೇ ದಿನ ಮಧ್ಯಾಹ್ನದ ಬಸ್ಸಿಗೆ ಚಿಕ್ಕವ್ವ ಬಂದಳು. ಬಿಸಿಲಿಗೆ ಮುಖ ಕೆಂಪಗಾಗಿತ್ತು, ತುಟಿ ಒಣಗಿತ್ತು. ಹೊಸ್ತಿಲ ಹೊರಗೇ ನಿಂತಳು. ನಾನು ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದುಕೊಟ್ಟೆ. ಅವಳು ಒಳಗೆ ಅವ್ವನ ಮಂಚದ ಕಡೆ ಒಂದು ಸಲ ನೋಡಿ, ಚೊಂಬು ಹಿಡಿದುಕೊಂಡು ಬೇವಿನ ಮರದ ಹಿಂದಕ್ಕೆ ಹೋದಳು. ಅಕ್ಕನಿಗೆ ಕಾಣದಂಗೆ ಬೆನ್ನು ತಿರುಗಿಸಿ ಚೊಂಬು ಎತ್ತಿದಳು.

ಒಳಗಿನಿಂದ ಅವ್ವ ಕೂಗಿದಳು, "ಒಳಗೆ ಬಂದು ಕುಡಿಯೇ. ನಾನು ನೋಡಬೇಕು."

ಚಿಕ್ಕವ್ವ ಬಂದು ಅವ್ವನ ಎದುರಿಗೆ ಕೂತಳು. ಚೊಂಬನ್ನು ತುಟಿಗೆ ಮುಟ್ಟಿಸದೆ ಎತ್ತಿ, ನಿಧಾನಕ್ಕೆ, ಪೂರ್ತಿ ಕುಡಿದಳು. ಅವ್ವನ ಗಂಟಲೂ ಅದರ ಜೊತೆಗೇ ಆಡುತ್ತಿತ್ತು. ನಾನು ಫ್ರಿಜ್ಜು ತೆಗೆದು ಒಂದು ಕಡ್ಡಿ ತಂದು ಅವ್ವನ ಕೈಗೆ ಇಟ್ಟೆ. ಅವತ್ತಿನ ಅವಳ ಪಾಲು ಆಗಲೇ ಮುಗಿದಿತ್ತು. ಅದು ನನ್ನ ಪಾಲಿನದು.