ಪಾದಪೂಜೆಯ ದಿನದ ಸಾಕ್ಷಿ

ಇಳಕಲ್ಲಿಗೆ ಕ್ಯಾಮೆರಾ ಬಂದರೆ ಅದು ಸೀರೆಗೆಂದೇ ಬಂದಿರುತ್ತದೆ ಎಂಬುದು ಅಲ್ಲಿಯವರ ತಿಳಿವಳಿಕೆ. ನನ್ನ ತಂಗಿಯ ಮನೆಯೊಳಗೆ ಲೈಟು, ಸ್ಟ್ಯಾಂಡು ಹೋಗುವುದನ್ನು ನೋಡಿದ ಪಕ್ಕದ ಮನೆಯಾಕೆ ತನ್ನ ಟ್ರಂಕಿನಿಂದ ಒಂದು ಸೀರೆ ತೆಗೆದುಕೊಂಡೇ ಬಂದಳು.

“ಏನ್ರಿ ಅಕ್ಕಾರ, ಬರೇ ಇವರ ಮನಿ ಸೀರಿ ತೋರಸ್ತೀರೇನು? ಇದು ನಮ್ಮವ್ವನ ಕಾಲದ್ದೈತ್ರಿ, ಸೆರಗ ನೋಡ್ರಿ,” ಎಂದು ಚಿತ್ರ ತೆಗೆಯಲು ಬಂದಿದ್ದ ಹೆಣ್ಣುಮಗಳ ಮುಂದೆ ಬಿಡಿಸಿ ಹಿಡಿದಳು.

ತಂಗಿ ನಕ್ಕಳು. “ಇವತ್ತ ಸೀರಿ ಅಲ್ಲ ಕಾಕಿ. ನಂದ ಒಂದಿಷ್ಟ ಮಾತೈತಿ. ಒಂದ್ ತಾಸು ನಿಮ್ಮ ಮಗ್ಗ ನಿಲ್ಲಸ್ರಿ, ಸಪ್ಪಳ ಬರ್ತೈತಿ.”

“ನಿನ್ನ ಮಾತ ಕೇಳಾಕ ಕ್ಯಾಮೆರಾ ಬ್ಯಾರೆ ಬೇಕೇನ? ದಿನಾ ನಾವ ಕೇಳ್ತೀವಲ್ಲ!” ಎನ್ನುತ್ತ ಆಕೆ ಸೀರೆ ಮಡಚಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಆ ಮನೆಯ ಮಗ್ಗ ನಿಂತಿತು.

ನಾನು ಬಾಗಲಕೋಟೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದೆ. ಅಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸು ನಾನು. ಅವ್ವ ನನ್ನ ಜೊತೆಗಿದ್ದಾಳೆ. ತಂಗಿಯನ್ನು ನೋಡಿ ಬರುತ್ತೇನೆ ಎಂದಷ್ಟೇ ಅವ್ವನಿಗೆ ಹೇಳಿದ್ದೆ. ತಂಗಿ ಫೋನಿನಲ್ಲಿ ಹೇಳಿದ್ದು ಇದು: ಹಿಂದೆ ನಮ್ಮ ಮನೆಗೆ ಬರುತ್ತಿದ್ದ ಗುರುಗಳಿಂದ ಹಿಂಸೆಗೆ ಒಳಗಾದ ಹೆಂಗಸರ ಬಗ್ಗೆ ಒಂದು ಸಾಕ್ಷ್ಯಚಿತ್ರ ತಯಾರಾಗುತ್ತಿದೆ. ಬೇರೆ ಊರುಗಳ ಮೂವರು ಮಾತಾಡಿದ್ದಾರೆ. ತಾನೂ ಮಾತಾಡುತ್ತೇನೆ. ಆದರೆ ತಾನು ಆ ಕಾಲದಲ್ಲೇ ಇದನ್ನು ಹೇಳಿಕೊಂಡಿದ್ದಕ್ಕೆ ಸಾಕ್ಷಿ ನುಡಿಯಲು ಇನ್ನೊಬ್ಬರು ಬೇಕು. ಇಲ್ಲದಿದ್ದರೆ ಇದೆಲ್ಲ ಈಗ ಕಟ್ಟಿದ ಕಥೆ ಎನ್ನುತ್ತಾರೆ, ತನ್ನ ಭಾಗವನ್ನು ಚಿತ್ರದಿಂದ ಬಿಡಬೇಕಾಗಬಹುದು.

“ನಾ ಹೇಳಿದ್ದು ನಿನಗೊಬ್ಬಾಕಿಗೇ ಅಕ್ಕಾ,” ಎಂದಿದ್ದಳು.

ಬಸ್ಸು ಹುನಗುಂದ ದಾಟುವವರೆಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಆಗ ಸರಿಯಾಗಿಯೇ ಬಂದಿತ್ತು.

ಇಪ್ಪತ್ತು ವರ್ಷದ ಹಿಂದೆ ನಾವು ಬಾದಾಮಿಯಲ್ಲಿದ್ದೆವು. ತಂಗಿಗೆ ಹತ್ತೊಂಬತ್ತು, ನನಗೆ ಇಪ್ಪತ್ತಾರು. ಆ ಗುರುಗಳು ನಮ್ಮ ಕಡೆಯವರಲ್ಲ. ಹೊರಗಿನಿಂದ ಬಂದು, ಒಂದು ಬಾಡಿಗೆ ಮನೆಯಲ್ಲಿ ವಾರಕ್ಕೊಮ್ಮೆ ಸತ್ಸಂಗ ನಡೆಸುತ್ತಿದ್ದರು. ಅಪ್ಪ ತೀರಿದ ಮೇಲೆ ಅವ್ವ ಮೊದಲ ಸಲ ಹೊಟ್ಟೆ ತುಂಬ ಉಂಡದ್ದು ಅವರ ಮಾತು ಕೇಳಿ ಬಂದ ದಿನ. ಇದನ್ನೂ ಬರೆಯಬೇಕು, ಏಕೆಂದರೆ ಇದೂ ನಿಜ.

ತಂಗಿ ಮಾತಾಡುವಾಗ ನಾನು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಕೇಳಿದೆ. ಅವಳು ಅಳಲಿಲ್ಲ. ಸೇವೆಗೆಂದು ಒಳಕೋಣೆಗೆ ಕರೆದದ್ದು, ಚಿಲಕ ಹಾಕಿದ್ದು, ಹೊರಗೆ ಹೇಳಿದರೆ ಮನೆತನಕ್ಕೆ ಕೇಡು ಎಂದದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಕೋಣೆಯೊಳಗೆ ನಡೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. “ಮರುದಿನ ನೀರು ತುಂಬುವಾಗ ಅಕ್ಕಗ ಹೇಳಿದ್ನಿ,” ಎಂದು ಮುಗಿಸಿದಳು.

ಆಮೇಲೆ ನಾನು ಕ್ಯಾಮೆರಾದ ಮುಂದಿನ ಕುರ್ಚಿಯಲ್ಲಿ ಕುಳಿತೆ. ತಂಗಿ ನಿಮಗೆ ಏನು ಹೇಳಿದರು ಎಂದು ಆ ಹೆಣ್ಣುಮಗಳು ಕೇಳಿದಳು.

“ಏನೋ ಹೇಳಿದ್ಲ್ರಿ. ಅಲ್ಲಿಗೆ ಹೋಗಂಗಿಲ್ಲ ಅಂದ್ಲು. ನನಗ ಪೂರಾ ತಿಳೀಲಿಲ್ಲ.”

“ಆಮೇಲೆ?”

“ಆಮೇಲೆ ಏನಿಲ್ರಿ.”

ಆಕೆ ಒತ್ತಾಯ ಮಾಡಲಿಲ್ಲ. ತಂಗಿ ಎದ್ದು ಚಹಾ ಮಾಡಲು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ.

“ಚಾಕ್ಕ ಸಕ್ಕರಿ ಎಷ್ಟ ಹಾಕ್ಕೋತಿ, ಅದಾರ ನೆನಪೈತೋ ಇಲ್ಲೋ?” ಎಂದು ಸ್ಟೋವಿನ ಕಡೆ ನೋಡುತ್ತಲೇ ಕೇಳಿದಳು.

“ಅವ್ವ ನೋಡ್ತಾಳವಾ ಇದನ್ನ. ದೇವರ ಜಗಲಿ ಮ್ಯಾಲ ಇನ್ನೂ ಆ ಗುರುಗಳ ಫೋಟೋ ಐತಿ.”

“ಗೊತ್ತೈತಿ. ಅದಕ್ಕ ನಿಮ್ಮನಿಗೆ ಬಂದಾಗ ನಾ ಪಡಸಾಲಿ ಬಿಟ್ಟು ಒಳಗ ಬರಂಗಿಲ್ಲ. ನೀ ನೋಡೇ ಇಲ್ಲೇನು?”

ನೋಡಿದ್ದೆ. ಗಾಳಿಗೆ ಕುಳಿತಿದ್ದಾಳೆ ಎಂದುಕೊಂಡಿದ್ದೆ. ಅವಳು ಕೊಟ್ಟ ಚಹಾವನ್ನು ನಿಂತೇ ಕುಡಿದೆ. ಅವ್ವನಿಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ ಎಂದೆ. ಹೊರಗೆ ವೈರು ಸುತ್ತುತ್ತಿದ್ದವರಿಗೆ, “ಇನ್ನೊಮ್ಮೆ ಕ್ಯಾಮೆರಾ ಹಚ್ರಿ, ನಾ ಖರೆ ಹೇಳಿಲ್ಲ,” ಎಂದೆ.

ಎರಡನೆಯ ಸಲ ಹೇಳಿದ್ದು ಇದು. ತಂಗಿ ಹೇಳಿದ್ದು ನನಗೆ ಪೂರ್ತಿ ತಿಳಿದಿತ್ತು. ಆಗಲೇ ನಾನು ನರ್ಸಿಂಗ್ ಮುಗಿಸಿ ಕೆಲಸದಲ್ಲಿದ್ದೆ. ಅವಳ ತೋಳನ್ನು ಬೆಳಕಿಗೆ ಹಿಡಿದು ನೋಡಿದ್ದೆ. ಬೆರಳುಗಳ ಗುರುತು ಇತ್ತು. ಯಾರಿಗೂ ಹೇಳಬೇಡ ಎಂದೆ. ಮೂರು ದಿನದ ಮೇಲೆ ನಮ್ಮ ಮನೆಯಲ್ಲಿ ಗುರುಗಳ ಪಾದಪೂಜೆ ಇತ್ತು. ಓಣಿಯವರೆಲ್ಲ ಬಂದು ಕುಳಿತಿದ್ದರು. ತಂಗಿ ಒಳಗೆ ಗೋಡೆಗೆ ಒರಗಿ ನಿಂತು, “ಅವರ ಮುಂದ ನಾ ಬರಂಗಿಲ್ಲ,” ಎಂದಳು. ಅವಳ ಕೈಗೆ ನೀರಿನ ತಂಬಿಗೆ ಕೊಟ್ಟವಳು ನಾನು. “ಮಂದಿ ಮುಂದ ಅವ್ವನ ಮರ್ಯಾದಿ ಕಳೀಬ್ಯಾಡ,” ಎಂದವಳೂ ನಾನೇ. ಅವಳು ಆ ಕಾಲು ತೊಳೆದಳು. ತೊಳೆದ ನೀರನ್ನು ತೀರ್ಥವೆಂದು ಎಲ್ಲರಿಗೂ ಕೊಟ್ಟರು. ನಾನು ಕುಡಿದೆ. ಅವಳು ಕುಡಿಯುವವರೆಗೆ ಎದುರಿಗೇ ನಿಂತಿದ್ದೆ.

ಇಷ್ಟು ಹೇಳಿ ನಿಲ್ಲಿಸಿದೆ.

“ಅಕ್ಕಾ, ಒಂದ್ ತಪ್ಪೈತಿ,” ಎಂದಳು ತಂಗಿ, ಕ್ಯಾಮೆರಾದ ಹಿಂದಿನಿಂದ. “ನಾ ಕುಡೀಲಿಲ್ಲ.”

“ನೀ ಕುಡದದ್ದು ನಾ ನೋಡೇನಲ್ಲ.”

“ಬಾಯಾಗ ಹಾಕ್ಕೊಂಡಿದ್ದ ನೋಡಿ ನೀ ಆ ಕಡೆ ಹೊಳ್ಳಿದಿ. ನಾ ಹಿತ್ತಲಕ್ಕ ಹೋಗಿ ಉಗುಳಿದ್ನಿ. ಮೂರ್ ಸಲ ಬಾಯಿ ಮುಕ್ಕಳಿಸಿದ್ನಿ.”

ಇಪ್ಪತ್ತು ವರ್ಷ ಆ ನೀರು ಅವಳ ಗಂಟಲಲ್ಲಿ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೇ ನಾನು ನಂಬಿದ್ದೆ. ಹಾಗಾದರೆ ನನ್ನ ಮಾತನ್ನು ತಿದ್ದಿ ಮತ್ತೆ ಹೇಳಬೇಕೇ ಎಂದು ಆ ಹೆಣ್ಣುಮಗಳನ್ನು ಕೇಳಿದೆ.

ಉತ್ತರ ಕೊಟ್ಟವಳು ತಂಗಿ. “ಬ್ಯಾಡ. ನೀ ಕಂಡಷ್ಟು ನೀ ಹೇಳಿದಿ. ಇದನ್ನ ನಾ ಹೇಳ್ತೇನಿ, ಏಳ ಅತ್ತಾಗ.”

ನಾನು ಎದ್ದು ಜಾಗ ಬಿಟ್ಟೆ. ಅವಳು ಕುಳಿತು, ಸೆರಗು ಸರಿಮಾಡಿಕೊಂಡು, ಕ್ಯಾಮೆರಾ ಚಾಲೂ ಆಯಿತೋ ಇಲ್ಲವೋ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಆ ದಿನದ ಮಾತನ್ನು ಹಿತ್ತಲಿನಿಂದ ಶುರುಮಾಡಿದಳು.